ಪರವಾಗಿಲ್ಲ ಅಂದ್ರೆ ಎಷ್ಟು ಅಂಕ?

ಮಾರ್ಚ್ 20 ಬಂತೆಂದರೆ ನಮ್ಮ ದೇಶಕ್ಕೆ ಬೇಜಾರಿನ ಹಬ್ಬ. ವಿಶ್ವ ಸಂತೋಷ ವರದಿ ಬರುತ್ತದೆ, ಫಿನ್ಲೆಂಡ್ ಯಥಾಪ್ರಕಾರ ಮೊದಲು. 2025ರಲ್ಲಿ ನಾವು 118, ಪಾಕಿಸ್ತಾನ 109. ವಾಟ್ಸ್ಆ್ಯಪ್ ಗುಂಪುಗಳಿಗೆ ಬೆಂಕಿ ಬಿತ್ತು. ನಮ್ಮ ಸಂತೋಷ ಕಮ್ಮಿಯಾದದ್ದಕ್ಕಲ್ಲ, ಪಕ್ಕದವನದು ಜಾಸ್ತಿಯಾದದ್ದಕ್ಕೆ.

ಕೇಳುವುದೇನು ಗೊತ್ತಲ್ಲ? ಸೊನ್ನೆಯಿಂದ ಹತ್ತರವರೆಗೆ ಏಣಿ, ನೀವೆಷ್ಟನೇ ಮೆಟ್ಟಿಲು ಅಂತ. ನಮ್ಮ ಕಡೆ ಯಾರನ್ನೇ ಕೇಳಿ, "ಏನೋ, ಪರವಾಗಿಲ್ಲ" ಅಂತಾರೆ. ಮಗನಿಗೆ ಕೆಲಸ ಹೋದರೂ ಪರವಾಗಿಲ್ಲ. ಎರಡು ಸೈಟು ತಗೊಂಡರೂ ಪರವಾಗಿಲ್ಲ, ದೃಷ್ಟಿಯಾದೀತು! ಇದಕ್ಕೆ ಅಂಕ ಹಾಕುವವನೇ ಮೊದಲು ಖಿನ್ನನಾಗಬೇಕು.

ಮಧ್ಯಪ್ರದೇಶದವರು ಜಾಣರು. 2016ರಲ್ಲೇ ಆನಂದಕ್ಕೊಂದು ಇಲಾಖೆ ತೆರೆದರು. ಭೇಷ್! ನನಗಿರುವ ಕುತೂಹಲ ಒಂದೇ: ಅಬಕಾರಿಯಿಂದ ಆನಂದಕ್ಕೆ ವರ್ಗವಾದ ಅಧಿಕಾರಿಯ ಮುಖ ಹೇಗಿದ್ದೀತು? ಟೆಂಡರಿಲ್ಲ, ಗುತ್ತಿಗೆದಾರನಿಲ್ಲ, ಬರೀ ಆನಂದ. ಪಾಪ, ಹೆಂಡತಿಗೆ ಏನಂತ ಹೇಳಿಯಾನು!

ಬ್ರಿಟನ್ನಿನ ಜೆಫ್ರಿ ರೋಸ್ ಎಂಬ ವೈದ್ಯವಿಜ್ಞಾನಿ 1985ರಲ್ಲಿ ಬಿಪಿ ಲೆಕ್ಕ ಹಿಡಿದು ಒಂದು ಮಾತು ಹೇಳಿದ. ಕಾಯಿಲೆಯವರು ಬೇರೆ ಜಾತಿಯಲ್ಲ, ಊರಿನ ಸರಾಸರಿ ಏರಿದರೆ ಮೇಲಿನ ತುದಿಯಲ್ಲಿ ರೋಗಿಗಳೂ ಹೆಚ್ಚುತ್ತಾರೆ ಅಂತ. 1993ರಲ್ಲಿ ಅವನೂ ಜೊತೆಯವರೂ ಮನಸ್ಸಿನ ವಿಷಯದಲ್ಲೂ ಇದನ್ನೇ ಕಂಡರು: ಯಾವ ಗುಂಪಿನ ಸರಾಸರಿ ಬೇಜಾರು ಹೆಚ್ಚೋ ಅಲ್ಲಿ ಮನೋರೋಗದ ಅಂಚಿಗೆ ಬಂದವರೂ ಹೆಚ್ಚು. ಹಂಡೆ ಸಾರೇ ಉಪ್ಪಾದರೆ ಕೊನೇ ಪಂಕ್ತಿಯವನ ನಾಲಿಗೆಗೆ ಔಷಧಿ ಹಚ್ಚಿ ಏನು ಪ್ರಯೋಜನ?

ನಾವು ಹಚ್ಚುವುದು ಅದನ್ನೇ. ಅದನ್ನಾದರೂ ನೆಟ್ಟಗೆ ಹಚ್ಚುತ್ತೇವೆಯೇ? ನಮ್ಮ ಬೆಂಗಳೂರಿನ ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆ ಪ್ರಕಾರ ಖಿನ್ನತೆ ಇರುವ 100 ಜನರಲ್ಲಿ ಸುಮಾರು 85 ಮಂದಿಗೆ ಚಿಕಿತ್ಸೆಯೇ ಇಲ್ಲ. ಎಂಬತ್ತೈದು, ಸ್ವಾಮಿ. ಇದಕ್ಕೆ ಯಾವ ಗುಂಪಿಗೂ ಬೆಂಕಿ ಬೀಳಲಿಲ್ಲ. ದಿನಕ್ಕೆ ಮೂರು ಗಂಟೆ ಟ್ರಾಫಿಕ್ಕು, ಸಂಬಳ ಬಂದ ವಾರಕ್ಕೇ ಖಾಲಿಯಾಗುವ ಖಾತೆ, ರಾತ್ರಿ ಹನ್ನೊಂದಕ್ಕೆ ಬಾಸ್ ಮೆಸೇಜು. ಇಷ್ಟೂ ಹೊರಿಸಿ, ಕುಸಿದವನಿಗೆ "ಪಾಸಿಟಿವ್ ಆಗಿರಪ್ಪಾ" ಅನ್ನುವುದಿದೆಯಲ್ಲ, ನನಗೆ ಸಾಕಾಗಿದೆ.

ನಮ್ಮಕ್ಕನ ಮಗನ ಕಂಪನಿಯಲ್ಲಿ ಈ ಶನಿವಾರ ಒತ್ತಡ ನಿವಾರಣೆ ಶಿಬಿರವಂತೆ, ಆನ್‌ಲೈನು. ರಜಾ ದಿನ, ಹಾಜರಿ ಕಡ್ಡಾಯ. ಕ್ಯಾಮೆರಾ ಆನ್ ಇರಲೇಬೇಕಂತೆ, ನಗ್ತಿದ್ದಾರೋ ಇಲ್ವೋ ನೋಡೋದಕ್ಕೆ.