ಒಂದು ಹಾಲುಹಲ್ಲು, ನಾಲ್ಕು ಅರಿವಳಿಕೆ

ಹಲ್ಲಿನ ಡಾಕ್ಟರು ನನ್ನ ಮಗಳ ಬಾಯಿಂದ ಪುಟ್ಟ ಕನ್ನಡಿಯನ್ನು ಹೊರತೆಗೆದು, ಹಲ್ಲನ್ನು ಕೀಳದೆ ಗತಿಯಿಲ್ಲವೆಂದು ಹೇಳಿ, ಯಾವ ಅರಿವಳಿಕೆ ಕೊಡೋಣ ಎಂದು ನನ್ನನ್ನು ಕೇಳಿದಾಗ, ಆ ಪ್ರಶ್ನೆಗೆ ಉತ್ತರಿಸುವ ಯೋಗ್ಯತೆ ನನಗಿಲ್ಲವೆಂದು ಅಲ್ಲೇ ಒಪ್ಪಿಕೊಂಡಿದ್ದರೆ ಎಂಟು ದಿನಗಳ ನಿದ್ದೆಯಾದರೂ ಉಳಿಯುತ್ತಿತ್ತು. ನಾನು ಒಪ್ಪಿಕೊಳ್ಳಲಿಲ್ಲ. ವಾಣಿಜ್ಯಶಾಸ್ತ್ರದ ಅಧ್ಯಾಪಕನಾದ ನನಗೆ, ಎರಡಕ್ಕಿಂತ ಹೆಚ್ಚು ಆಯ್ಕೆಗಳಿರುವ ಯಾವ ವಿಷಯವೇ ಆಗಲಿ ಗೆರೆ ಎಳೆದು ಲಾಭ ನಷ್ಟ ಬರೆದರೆ ತಾನಾಗಿ ಬಗೆಹರಿಯುತ್ತದೆ ಎಂಬ ನಂಬಿಕೆ ಇಪ್ಪತ್ತು ವರ್ಷಗಳಿಂದ ಬೇರೂರಿದೆ. ಆದ್ದರಿಂದ ಯೋಚಿಸಿ ಹೇಳುತ್ತೇನೆ ಎಂದುಬಿಟ್ಟೆ.

ಹಲ್ಲು ಯಾವುದೆಂದರೆ ಕೆಳದವಡೆಯ ಎಡಬದಿಯ ಕಡೆಯ ಹಾಲುಹಲ್ಲು. ಮಗಳಿಗೆ ಏಳು ವರ್ಷ. ಹಾಲುಹಲ್ಲು ತಾನೆ, ಇಂದಲ್ಲ ನಾಳೆ ಬಿದ್ದೇಹೋಗುತ್ತದೆ ಎಂಬ ಮನೆಮಾತನ್ನು ನೆಚ್ಚಿಕೊಂಡು ನಾವು ಅದರ ಹುಳುಕನ್ನು ಒಂದು ವರ್ಷ ನೋಡಿಯೂ ನೋಡದಂತೆ ಇದ್ದೆವು. ಆ ಹಲ್ಲು ಹತ್ತರಿಂದ ಹನ್ನೆರಡು ವರ್ಷದವರೆಗೂ ಬಾಯಲ್ಲಿ ಇರಬೇಕಾದದ್ದೆಂದು ನಮಗೆ ತಿಳಿದದ್ದು ಒಸಡಿನ ಮೇಲೆ ಕೀವಿನ ಗುಳ್ಳೆ ಎದ್ದ ಮೇಲೆ. ಕೀವು ತುಂಬಿದ ಜಾಗದಲ್ಲಿ ಆಮ್ಲತೆ ಹೆಚ್ಚಿರುವುದರಿಂದ ಮರಗಟ್ಟಿಸುವ ಮದ್ದು ಸರಿಯಾಗಿ ಹಿಡಿಯುವುದಿಲ್ಲವೆಂದೂ, ಮೊದಲು ಐದು ದಿನ ಔಷಧಿ ಕೊಟ್ಟು ಊತ ಇಳಿಸಿ ಆಮೇಲೆ ಕೀಳೋಣವೆಂದೂ ಡಾಕ್ಟರು ಹೇಳಿದರು. ಹೀಗೆ ನನಗೆ ಯೋಚಿಸಲು ಒಂದು ವಾರ ಸಿಕ್ಕಿತು. ಆ ವಾರ ಸಿಗದೇ ಇದ್ದಿದ್ದರೆ ಈ ಬರಹವೂ ಇರುತ್ತಿರಲಿಲ್ಲ.

ಡಾಕ್ಟರು ಮುಂದಿಟ್ಟ ಆಯ್ಕೆಗಳು ನಾಲ್ಕು. ಒಸಡಿಗೆ ಲೇಪ ಹಚ್ಚಿ ಚುಚ್ಚುಮದ್ದು ಕೊಟ್ಟು ಆ ಭಾಗವನ್ನಷ್ಟೇ ಮರಗಟ್ಟಿಸುವುದು ಮೊದಲನೆಯದು. ಮೂಗಿಗೆ ಪುಟ್ಟ ಮುಸುಕು ಇಟ್ಟು ನಗೆ ಅನಿಲ ಕೊಟ್ಟು ಹೆದರಿಕೆ ಕಳೆಯುವುದು ಎರಡನೆಯದು. ಮಂಪರು ಬರಿಸುವ ಸಿರಪ್ಪು ಕುಡಿಸುವುದು ಮೂರನೆಯದು. ಆಸ್ಪತ್ರೆಗೆ ಸೇರಿಸಿ, ಅರಿವಳಿಕೆ ತಜ್ಞರನ್ನು ಕರೆಸಿ, ಸಂಪೂರ್ಣವಾಗಿ ನಿದ್ದೆ ಬರಿಸಿ ಕೀಳುವುದು ನಾಲ್ಕನೆಯದು. ತಮ್ಮ ಅಭಿಪ್ರಾಯದಲ್ಲಿ ಮೊದಲನೆಯದೇ ಸಾಕು, ಹುಡುಗಿ ಗಟ್ಟಿಗಿತ್ತಿ ಎಂದೂ ಅವರು ಸೇರಿಸಿದರು. ಮೊದಲೇ ಹೇಳಿದ ಸಲಹೆಯನ್ನು ಮೊದಲೇ ಒಪ್ಪಿಕೊಂಡರೆ ತಂದೆಯ ಜವಾಬ್ದಾರಿ ಏನಾಯಿತು ಎಂಬ ಭಾವನೆಯಲ್ಲಿ ನಾನು ಆ ಮಾತನ್ನು ಅರ್ಧ ಕಿವಿಯಲ್ಲಿ ಕೇಳಿದೆ.

ಅಂದು ರಾತ್ರಿ ವಿದ್ಯುತ್ ಬಿಲ್ಲಿನ ಹಿಂಬದಿಯಲ್ಲಿ ಲೆಕ್ಕ ಶುರುವಾಯಿತು. ಚುಚ್ಚಿ ಮರಗಟ್ಟಿಸುವ ಮದ್ದಿನ ಹೆಸರು ಲಿಗ್ನೊಕೇನ್. ಶೇಕಡಾ 2ರ ಲಿಗ್ನೊಕೇನ್ ಎಂದರೆ ಒಂದು ಮಿಲಿಲೀಟರಿಗೆ 20 ಮಿಲಿಗ್ರಾಂ, ಚುಚ್ಚುಮದ್ದಿನ 1.8 ಮಿಲಿಲೀಟರಿನ ಒಂದು ಕೊಳವೆಯಲ್ಲಿ 36 ಮಿಲಿಗ್ರಾಂ. ಮಕ್ಕಳಿಗೆ ದೇಹತೂಕದ ಪ್ರತಿ ಕಿಲೋಗೆ 4.4 ಮಿಲಿಗ್ರಾಮಿಗಿಂತ ಹೆಚ್ಚು ಕೊಡಬಾರದು. ಇಷ್ಟು ತಿಳಿದ ಮೇಲೆ ಬೇಕಾದದ್ದು ತೂಕವೊಂದೇ. ಅದನ್ನು ಅತ್ತೆಯವರ ಎದುರಿಗೆ ಕೇಳಿದ್ದು ನನ್ನ ತಪ್ಪು. ಮಕ್ಕಳ ತೂಕವನ್ನು ಬಾಯಿಬಿಟ್ಟು ಹೇಳಿದರೆ ದೃಷ್ಟಿಯಾಗುತ್ತದೆ ಎಂಬುದು ಅವರ ಸಿದ್ಧಾಂತ. ಹೋದ ವರ್ಷ ಶಾಲೆಯಲ್ಲಿ ತೂಗಿದ್ದಕ್ಕೇ ಮಗು ಮೂರು ದಿನ ಊಟ ಬಿಟ್ಟಿತ್ತೆಂದು ನೆನಪಿಸಿ, ಕೇಳಿದವರಿಗೆ ಹದಿನೆಂಟು ಎಂದು ಹೇಳಿದರೆ ಸಾಕೆಂದು ಅವರು ತೀರ್ಪಿತ್ತರು. ಮದ್ದಿನ ಪ್ರಮಾಣ ತೂಕದ ಮೇಲೆ ನಿಂತಿದೆ, ಇದು ನೆಂಟರ ಮುಂದೆ ಹೇಳುವ ಲೆಕ್ಕವಲ್ಲ ಎಂದು ನಾನು ವಿವರಿಸಿದ ನಂತರ ಅವರು ಹತ್ತೊಂಬತ್ತಕ್ಕೆ ಒಪ್ಪಿದರು. ಅದಕ್ಕಿಂತ ಮೇಲೆ ಒಂದು ಗ್ರಾಮೂ ಏರಿಸಲಿಲ್ಲ.

ನನ್ನ ಒಲವು ಮೊದಮೊದಲು ನಾಲ್ಕನೆಯದರ ಕಡೆಗೇ ಇತ್ತು. ಮಗು ಮಲಗುತ್ತದೆ, ಏಳುತ್ತದೆ, ಹಲ್ಲು ಹೋಗಿರುತ್ತದೆ. ನೋವಿಲ್ಲ, ಅಳುವಿಲ್ಲ, ಮುಖ್ಯವಾಗಿ ನಾನು ಯಾವುದನ್ನೂ ನೋಡಬೇಕಾಗಿಲ್ಲ. ಆದರೆ ಅದರ ನಿಯಮಗಳನ್ನು ಓದುತ್ತಾ ಹೋದಂತೆ ನನಗೇ ಬಾಯಿ ಒಣಗಿತು. ಹಿಂದಿನ ದಿನ ತಪಾಸಣೆ, ಆರು ಗಂಟೆ ಮುಂಚಿನಿಂದ ಊಟವಾಗಲಿ ಹಾಲಾಗಲಿ ಇಲ್ಲ, ಎರಡು ಗಂಟೆ ಮುಂಚಿನಿಂದ ನೀರೂ ಇಲ್ಲ. ಹೊಟ್ಟೆಯಲ್ಲಿದ್ದದ್ದು ಪ್ರಜ್ಞೆಯಿಲ್ಲದಾಗ ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಬಾರದೆಂಬುದೇ ಈ ಉಪವಾಸದ ಕಾರಣ. ಅತ್ತೆಯವರು ಏಕಾದಶಿಯನ್ನು ತಪ್ಪದೆ ಮಾಡುವವರು. ಆದರೆ ಮೊಮ್ಮಗಳು ಬೆಳಗಿನ ಹಾಲು ಬಿಡಬೇಕೆಂಬುದನ್ನು ಕೇಳಿದೊಡನೆ, ಒಂದು ಹಲ್ಲಿಗೋಸ್ಕರ ಮಗುವನ್ನು ಉಪವಾಸ ಕೆಡವುವವರನ್ನು ತಾವು ಕಂಡಿಲ್ಲವೆಂದು ಅಡುಗೆಮನೆಗೆ ಹೋಗಿ ಪಾತ್ರೆಗಳ ಮೂಲಕ ಮಾತಾಡತೊಡಗಿದರು. ಡಾಕ್ಟರಿಗೆ ಫೋನು ಮಾಡಿದೆ. ಹಲವು ಹಲ್ಲುಗಳನ್ನು ಒಟ್ಟಿಗೆ ಕೀಳಬೇಕಾದಾಗ, ತೀರಾ ಚಿಕ್ಕ ಮಕ್ಕಳಿದ್ದಾಗ, ಬೇರೆ ಯಾವ ರೀತಿಯಲ್ಲೂ ಚಿಕಿತ್ಸೆಗೆ ಒಗ್ಗದ ಮಕ್ಕಳಿದ್ದಾಗ ಅದು ವರದಾನವೇ. ಒಂದು ಹಲ್ಲಿಗೆ, ಅದೂ ಹೇಳಿದ ಮಾತು ಕೇಳುವ ಮಗುವಿಗೆ, ಅಷ್ಟು ದೊಡ್ಡ ಏರ್ಪಾಡು ಬೇಡ ಎಂದು ಅವರು ಶಾಂತವಾಗಿ ಹೇಳಿದರು. ನಾಲ್ಕನೆಯ ಅಂಕಣವನ್ನು ಹೊಡೆದುಹಾಕಿದೆ.

ಉಳಿದವುಗಳಲ್ಲಿ ನನ್ನ ಮನಸ್ಸನ್ನು ಸೆಳೆದದ್ದು ನಗೆ ಅನಿಲ. ಅದಕ್ಕೊಂದು ಕತೆಯಿದೆ, ಕತೆಯಿರುವ ಔಷಧಿಯ ಮೇಲೆ ನನಗೆ ನಂಬಿಕೆ ಜಾಸ್ತಿ. 1844ರ ಡಿಸೆಂಬರಿನಲ್ಲಿ ಅಮೆರಿಕದ ಹಾರ್ಟ್‌ಫರ್ಡ್ ಊರಿನಲ್ಲಿ ಹೊರೇಸ್ ವೆಲ್ಸ್ ಎಂಬ ದಂತವೈದ್ಯ, ಈ ಅನಿಲವನ್ನು ಸೇವಿಸಿ ಕುಣಿಯುವ ಪ್ರದರ್ಶನವೊಂದಕ್ಕೆ ಹೋಗಿದ್ದಾಗ, ಕುಣಿಯುತ್ತಿದ್ದವನೊಬ್ಬ ಕಾಲಿಗೆ ಪೆಟ್ಟಾದರೂ ನೋವೇ ತಿಳಿಯದೆ ಕುಳಿತದ್ದನ್ನು ಗಮನಿಸಿ, ಮರುದಿನವೇ ತಾನು ಆ ಅನಿಲವನ್ನು ಸೇವಿಸಿ ಇನ್ನೊಬ್ಬ ವೈದ್ಯನಿಂದ ತನ್ನ ಹಲ್ಲನ್ನೇ ಕೀಳಿಸಿಕೊಂಡ. ತಾನು ಕೊಡುವ ಮದ್ದನ್ನು ಮೊದಲು ತಾನೇ ತೆಗೆದುಕೊಂಡ ಆ ಮನುಷ್ಯನ ಧೈರ್ಯವನ್ನು ಮಗಳಿಗೆ ಮಲಗುವ ಹೊತ್ತಿನ ಕತೆಯಾಗಿ ಹೇಳಿದೆ. ಅವಳು ಕಣ್ಣರಳಿಸಿ ಕೇಳಿ, ಆಮೇಲೆ ಏನಾಯಿತು ಎಂದಳು. ಆಮೇಲೆ ಏನಾಯಿತೆಂದರೆ, ಮುಂದಿನ ತಿಂಗಳು ಬಾಸ್ಟನ್ನಿನಲ್ಲಿ ಎಲ್ಲರೆದುರು ಅದನ್ನೇ ತೋರಿಸಲು ಹೋದಾಗ ರೋಗಿ ಕಿರುಚಿದ, ನೆರೆದವರು ಗೇಲಿ ಮಾಡಿದರು. ಮುಂದಿನದು ಮಕ್ಕಳಿಗೆ ಹೇಳುವಂಥದ್ದಲ್ಲ. ಅಷ್ಟರಲ್ಲಿ ನಾನು ಬಾಸ್ಟನ್ನಿನವರೆಗೆ ಬಂದುಬಿಟ್ಟಿದ್ದೆ. ರೋಗಿ ಏಕೆ ಕಿರುಚಿದ ಎಂದು ಮಗಳು ಎದ್ದು ಕುಳಿತಳು. ಆ ರಾತ್ರಿ ಅವಳನ್ನು ಮಲಗಿಸಿದ್ದು ಹೆಂಡತಿ, ಬೇರೆ ಕತೆಯಿಂದ.

ಮರುದಿನ ಆ ಕತೆಯಿಂದಾದ ಹಾನಿಯನ್ನು ತುಂಬಿಕೊಡಲು ಐಸ್ ಕ್ರೀಮ್ ಕೊಡಿಸಿದೆ. ಡಿಸೆಂಬರಿನ ಮೈಸೂರು, ಸಂಜೆ ಏಳು ಗಂಟೆ, ಕುಕ್ಕರಹಳ್ಳಿ ಕೆರೆಯ ಕಡೆಯಿಂದ ಬೀಸುವ ಗಾಳಿ. ಯಾವ ತಂದೆಯೂ ಮಾಡಬಾರದ ಕೆಲಸ. ಬೆಳಗಾಗುವಷ್ಟರಲ್ಲಿ ಮಗುವಿನ ಮೂಗು ಕಟ್ಟಿತ್ತು. ನಗೆ ಅನಿಲವನ್ನು ಕೊಡುವುದು ಮೂಗಿನ ಮೂಲಕ. ಕಟ್ಟಿದ ಮೂಗಿನೊಳಗೆ ಅದು ಹೋಗುವುದಾದರೂ ಹೇಗೆ? ಅದೂ ಅಲ್ಲದೆ ಆ ಅನಿಲ ಹೆದರಿಕೆಯನ್ನು ತಗ್ಗಿಸುತ್ತದೆಯೇ ಹೊರತು ಹಲ್ಲು ಕೀಳಲು ಚುಚ್ಚುಮದ್ದು ಹೇಗೂ ಬೇಕೇ ಬೇಕೆಂದು ನನಗೆ ಗೊತ್ತಾದದ್ದು ಅದೇ ದಿನ. ಹಾಗಾದರೆ ಸಿರಪ್ಪು ಎಂದೆ. ಅದಕ್ಕೂ ಕೊನೆಯಲ್ಲಿ ಚುಚ್ಚುಮದ್ದು ತಪ್ಪುವುದಿಲ್ಲ. ಮೇಲಾಗಿ ಮಂಪರಿನಲ್ಲಿ ಉಸಿರಾಟದ ಮೇಲೆ ಕಣ್ಣಿಟ್ಟಿರಬೇಕಾದ್ದರಿಂದ ನೆಗಡಿಯಿರುವಾಗ ತಾವು ಕೊಡುವುದಿಲ್ಲವೆಂದೂ, ಕೆಲವು ಮಕ್ಕಳು ಅದನ್ನು ಕುಡಿದು ಮಂಕಾಗುವ ಬದಲು ರಂಪ ಮಾಡುವುದೂ ಉಂಟೆಂದೂ ಡಾಕ್ಟರು ಹೇಳಿದರು. ರಂಪಕ್ಕೆ ನಮ್ಮ ಮನೆಯಲ್ಲಿ ಸಿರಪ್ಪಿನ ಅಗತ್ಯವಿಲ್ಲ ಎಂದು ಹೆಂಡತಿ ಪಕ್ಕದಿಂದಲೇ ನುಡಿದಳು. ಬೆಂಗಳೂರಿಗೆ ಹೊರಟವನು ಮಡಿಕೇರಿ ಸುತ್ತಿ ಮತ್ತೆ ಮೈಸೂರಿನ ಬಸ್ ನಿಲ್ದಾಣದಲ್ಲೇ ಇಳಿದಂತೆ, ಎಂಟು ದಿನ ಕಳೆದು ನಾನು ಡಾಕ್ಟರು ಮೊದಲ ನಿಮಿಷದಲ್ಲಿ ಹೇಳಿದ ಜಾಗಕ್ಕೇ ಬಂದು ನಿಂತಿದ್ದೆ.

ಮಗುವಿನ ಮುಂದೆ ಸೂಜಿ, ನೋವು, ರಕ್ತ ಎಂಬ ಮಾತುಗಳನ್ನು ಆಡಬೇಡಿ, ಹಲ್ಲಿಗೆ ನಿದ್ದೆ ಬರಿಸುವ ಔಷಧಿ ಎಂದಷ್ಟೇ ಹೇಳಿ ಎಂಬುದು ಡಾಕ್ಟರ ಇನ್ನೊಂದು ಸೂಚನೆ. ಇದನ್ನು ನಾನು ಎಷ್ಟು ನಿಷ್ಠೆಯಿಂದ ಪಾಲಿಸಿದೆನೆಂದರೆ, ಚಿಕಿತ್ಸಾಲಯದ ಹೊರಕೋಣೆಯಲ್ಲಿ ಕುಳಿತಾಗ ಅತ್ತೆಯವರ ಕಡೆಗೆ ಬಾಗಿ, ಒಳಗೆ ಹೋದ ಮೇಲೆ ಅಪ್ಪಿತಪ್ಪಿಯೂ ಸೂಜಿ ಎನ್ನಬೇಡಿ ಎಂದು ಮತ್ತೊಮ್ಮೆ ಎಚ್ಚರಿಸಿದೆ. ಅತ್ತೆಯವರಿಗೆ ಎಡಗಿವಿ ಸ್ವಲ್ಪ ಮಂದ. ಏನು ಎಂದರು. ಸೂಜಿ ಎಂದೆ. ಏನೆಂದರು. ಮೂರನೆಯ ಸಲ ನಾನು ಆ ಪದವನ್ನು ಉಚ್ಚರಿಸಿದಾಗ ಕೋಣೆಯಲ್ಲಿದ್ದ ಐದೂ ಮಕ್ಕಳು ಏಕಕಾಲಕ್ಕೆ ತಾಯಂದಿರ ಮಡಿಲು ಸೇರಿದ್ದವು, ಒಬ್ಬ ಹುಡುಗನಂತೂ ಬಾಗಿಲು ದಾಟಿದ್ದ.

ಒಳಗೆ ಮೊದಲು ತೂಕದ ಯಂತ್ರ. ಅತ್ತೆಯವರು ಮುಖ ತಿರುಗಿಸಿಕೊಂಡರು. ಇಪ್ಪತ್ತೆರಡು ಕಿಲೋ. ನನ್ನ ಲೆಕ್ಕದ ಪ್ರಕಾರ 96.8 ಮಿಲಿಗ್ರಾಂ ಮಿತಿ, ಎಂದರೆ ಎರಡೂವರೆ ಕೊಳವೆಗಿಂತ ತುಸು ಹೆಚ್ಚು. ಇದನ್ನು ಡಾಕ್ಟರಿಗೆ ತಿಳಿಸಿದೆ. ತಮಗೆ ಒಂದೂ ಪೂರ್ತಿ ಬೇಕಾಗುವುದಿಲ್ಲ ಎಂದು ಅವರು ಮುಗುಳ್ನಕ್ಕರು. ಅನಂತರ ಒಸಡಿಗೆ ಹಚ್ಚುವ ಲೇಪದ ಡಬ್ಬಿಯನ್ನು ಮಗಳಿಗೆ ತೋರಿಸಿ, ಸ್ಟ್ರಾಬೆರಿ ರುಚಿ, ನೋಡುತ್ತೀಯಾ ಎಂದರು. ಅವಳು ತುಟಿ ಬಿಗಿದುಕೊಂಡು, ಅಪ್ಪ ಮೊದಲು ತಿನ್ನಲಿ, ಆ ಕತೆಯ ಡಾಕ್ಟರು ತಾನೇ ಮೊದಲು ತೆಗೆದುಕೊಂಡಿರಲಿಲ್ಲವೇ ಎಂದಳು. ನಾನು ಹೇಳಿದ ಕತೆಯಿಂದ ಅವಳು ಉಳಿಸಿಕೊಂಡದ್ದು ಇಷ್ಟೇ. ಡಾಕ್ಟರು ಬೇಡವೆನ್ನುವ ಮೊದಲೇ ನಾನು ಅಲ್ಲಿದ್ದ ಹತ್ತಿಯ ಕಡ್ಡಿಯಿಂದ ಧಾರಾಳವಾಗಿ ತೆಗೆದು ನಾಲಗೆಯ ಮೇಲೆ ಸವರಿಕೊಂಡು, ಬಹಳ ರುಚಿ ಎಂದು ಚಪ್ಪರಿಸಿದೆ.

ಒಂದು ನಿಮಿಷ ಏನೂ ಆಗಲಿಲ್ಲ. ಅಷ್ಟರಲ್ಲಿ ಡಾಕ್ಟರು ಮಗುವಿಗೆ ಯಾವುದಾದರೂ ಔಷಧಿ ಒಗ್ಗದೇ ಇದ್ದದ್ದುಂಟೇ, ಉಬ್ಬಸವಿದೆಯೇ ಎಂದು ಕೇಳಿದರು. ನಾನು ಇಲ್ಲ ಎನ್ನಲು ಹೊರಟರೆ ಬಾಯಿಂದ ಬಂದದ್ದು ‘ಇವ್ವ’ ಎಂಬಂಥ ಒಂದು ಶಬ್ದ. ಮತ್ತೆ ಪ್ರಯತ್ನಿಸಿದೆ, ನಾಲಗೆ ಎಂಬುದು ಬಾಯೊಳಗೆ ಯಾರೋ ಮರೆತುಹೋದ ಒದ್ದೆ ಟವಲಿನಂತೆ ಬಿದ್ದಿತ್ತು. ಮೂವತ್ತು ಮಂದಿ ವಿದ್ಯಾರ್ಥಿಗಳಿಗೆ ನಿತ್ಯ ಸವಕಳಿಯ ಲೆಕ್ಕ ಹೇಳಿಕೊಡುವ ನಾನು, ಇಲ್ಲ ಎಂಬ ಎರಡಕ್ಷರವನ್ನು ಕೈಸನ್ನೆಯಿಂದ ಹೇಳುತ್ತಾ ನಿಂತಿರುವುದನ್ನು ನೋಡಿ ಮಗಳು ಕುರ್ಚಿಯಲ್ಲಿ ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. ನಗುವಾಗ ಬಾಯಿ ತೆರೆದೇ ಇರುತ್ತದೆಯಷ್ಟೆ. ಡಾಕ್ಟರು ಕೆನ್ನೆಯನ್ನು ಮೆಲ್ಲಗೆ ಅಲುಗಿಸುತ್ತಾ, ಒಸಡಿಗೆ ಲೇಪ ಹಚ್ಚಿ, ಸ್ವಲ್ಪ ಹೊತ್ತು ಕಾದು, ಏನೋ ಮಾತಾಡಿಸುತ್ತಾ, ಅವಳಿಗೆ ಕಾಣದ ಹಾಗೆ ಮದ್ದನ್ನು ನಿಧಾನವಾಗಿ ಇಳಿಸಿಯೇಬಿಟ್ಟರು. ಕಣ್ಣಂಚಿನಲ್ಲಿ ಒಂದು ಹನಿ ಬಂತು. ಅದು ನಗುವಿನದೋ ನೋವಿನದೋ ಎಂದು ವಿಚಾರಿಸುವ ಸ್ಥಿತಿಯಲ್ಲಿ ನಾನಿರಲಿಲ್ಲ. ಅನಿಲವಿಲ್ಲದೆಯೇ ನಗೆ ಅನಿಲದ ಕೆಲಸವಾಗಿತ್ತು, ಬಿಲ್ಲಿನಲ್ಲಿ ಅದಕ್ಕೆ ಹಣವನ್ನೂ ಹಾಕಲಿಲ್ಲ.

ಐದಾರು ನಿಮಿಷಗಳಲ್ಲಿ ಅವಳ ಕೆಳತುಟಿಯ ಅರ್ಧಭಾಗ ಜೋಮು ಹಿಡಿಯಿತು. ಒತ್ತಿದಂತೆ ಅನಿಸಬಹುದು, ಆದರೆ ಚುಚ್ಚಿದಂತೆ ಅನಿಸುವುದಿಲ್ಲ ಎಂದು ಡಾಕ್ಟರು ಮೊದಲೇ ಹೇಳಿದ್ದರು. ನೋವಿನ ಸುದ್ದಿ ಒಯ್ಯುವ ಸಣ್ಣ ನರತಂತುಗಳಲ್ಲಿ ಸೋಡಿಯಂ ಒಳಹೋಗುವ ಬಾಗಿಲುಗಳನ್ನು ಲಿಗ್ನೊಕೇನ್ ರೈಲ್ವೆ ಗೇಟಿನಂತೆ ಮುಚ್ಚಿಬಿಡುತ್ತದೆ, ಒತ್ತಡದ ಸುದ್ದಿ ಒಯ್ಯುವ ದಪ್ಪ ತಂತುಗಳು ಅಷ್ಟು ಸುಲಭವಾಗಿ ಮಣಿಯುವುದಿಲ್ಲ ಎಂದು ನಾನು ವಿವರಿಸಬೇಕೆಂದಿದ್ದೆ. ನನ್ನದೇ ಗೇಟು ಇನ್ನೂ ತೆರೆದಿರಲಿಲ್ಲ. ಹಲ್ಲು ಬಂದದ್ದು ಕ್ಷಣಾರ್ಧದಲ್ಲಿ.

ಮನೆಗೆ ಬಂದ ಮೇಲೆ ಎರಡು ಮೂರು ಗಂಟೆ ಮರಗಟ್ಟಿದ ತುಟಿಯನ್ನು ಮಗು ಕಚ್ಚಿಕೊಳ್ಳದಂತೆ ಕಾಯಬೇಕಿತ್ತು. ಕೀಳುವುದಕ್ಕಿಂತ ಇದೇ ಕಷ್ಟ. ಈ ತುಟಿ ನನ್ನದಲ್ಲ, ಬೇರೆ ಯಾರದೋ ಎಂದು ಅವಳು ಅದನ್ನು ಎಳೆದು, ಬಿಟ್ಟು, ಕನ್ನಡಿಯಲ್ಲಿ ನೋಡಿ ಹಲ್ಲಿನಿಂದ ಹಿಡಿಯಹೊರಟಾಗಲೆಲ್ಲ ನಾವು ಮೂವರು ದೊಡ್ಡವರು ಒಟ್ಟಿಗೆ ಕೂಗುತ್ತಿದ್ದೆವು. ಈ ಕಾವಲಿನ ನಡುವೆ ಅತ್ತೆಯವರು ಹತ್ತಿಯಲ್ಲಿ ಸುತ್ತಿ ತಂದಿದ್ದ ಹಲ್ಲನ್ನು ಕೇಳಿದರು. ಬಿದ್ದ ಹಾಲುಹಲ್ಲನ್ನು ಸಗಣಿಯ ಉಂಡೆಯಲ್ಲಿಟ್ಟು ಹೆಂಚಿನ ಮೇಲೆ ಎಸೆಯಬೇಕು. ನಮ್ಮದು ಮೂರನೆಯ ಮಹಡಿಯ ಬಾಡಿಗೆ ಮನೆ. ಹೆಂಚಿಲ್ಲ, ಸಗಣಿಯಂತೂ ಇಲ್ಲ. ತಾರಸಿಗೆ ಹೋಗಿ ನೀರಿನ ಟ್ಯಾಂಕಿನ ಮೇಲೆ ಎಸೆದೆ. ಅದು ಟ್ಯಾಂಕಿಗೆ ತಗುಲಿ ಪುಟಿದು ಪಕ್ಕದ ಕಟ್ಟಡದವರು ಒಣಗಲು ಹಾಕಿದ್ದ ಸಂಡಿಗೆಯ ನಡುವೆ ಬಿತ್ತು. ನಾನು ಕೆಳಗಿಳಿದು ಬಂದು, ಸರಿಯಾಗಿ ಬಿತ್ತು ಎಂದಷ್ಟೇ ಹೇಳಿದೆ.

ಒಂದು ವಾರದ ನಂತರ ಗಾಯ ನೋಡಿದ ಡಾಕ್ಟರು, ಎಲ್ಲವೂ ಚೆನ್ನಾಗಿದೆ, ಆದರೆ ಶಾಶ್ವತ ಹಲ್ಲು ಬರಲು ಇನ್ನೂ ಮೂರು ನಾಲ್ಕು ವರ್ಷವಿರುವುದರಿಂದ ಹಿಂದಿನ ಹಲ್ಲು ಮುಂದಕ್ಕೆ ಸರಿದು ಜಾಗ ಕಬಳಿಸದಂತೆ ಒಂದು ತಂತಿಯ ಕಾವಲು ಹಾಕಬೇಕಾಗುತ್ತದೆ, ಅದರಲ್ಲಿ ಅಂಟಿಸುವುದು, ತೆಗೆದು ಹಾಕುವುದು ಎಂದು ಎರಡು ವಿಧಗಳಿವೆ, ಯೋಚಿಸಿ ಹೇಳಿ ಎಂದು ಮುದ್ರಿತ ಹಾಳೆಯೊಂದನ್ನು ಚಾಚಿದರು. ನಾನು ಕನ್ನಡಕ ಹುಡುಕುವಷ್ಟರಲ್ಲಿ ಹೆಂಡತಿ ಆ ಹಾಳೆಯನ್ನು ತೆಗೆದುಕೊಂಡು, ನಾಲ್ಕು ಮಡಿಕೆ ಮಾಡಿ, ತನ್ನ ಚೀಲದೊಳಗಿಟ್ಟು ಜಿಪ್ ಎಳೆದು, ನಿಮ್ಮ ಅಭಿಪ್ರಾಯ ಯಾವುದು ಡಾಕ್ಟರೇ ಎಂದು ಕೇಳಿದಳು.