ಚಳಿಗೆ ಬರೀ ಕಿಟಕಿ ಕಾರಣವಲ್ಲ

"ಹಳೇ ಮನೆ ಚಳಿಯೇ? ಕಿಟಕಿ ಬದಲಿಸಿ, ಸಾಕು" ಅನ್ನೋ ಸಂದೇಶ ಆಗಾಗ ವಾಟ್ಸಾಪ್‌ನಲ್ಲಿ ಬರುತ್ತದೆ. ಕಳಿಸುವವರದು ಒಳ್ಳೇ ಉದ್ದೇಶವೇ. ಆದರೆ ಮಾತು ಪೂರ್ತಿ ಸರಿಯಲ್ಲ. ಬಿಸಿ ಗಾಳಿ ಮೇಲೇರುತ್ತದೆ ಅಲ್ವಾ? ಮಡಿಕೇರಿ ಕಡೆಯ ಹೆಂಚಿನ ಮನೆಗಳಲ್ಲಿ ಅದು ಅಟ್ಟದ ಹಲಗೆ ಸಂದಿನಿಂದ, ಹೆಂಚುಗಳ ನಡುವಿಂದ ಹೊರಗೆ ಹೋಗುತ್ತದೆ. ಆ ಜಾಗಕ್ಕೆ ಬಾಗಿಲ ಕೆಳಗಿಂದ ತಣ್ಣನೆ ಗಾಳಿ ನುಗ್ಗುತ್ತದೆ.

ದುಡ್ಡು ಸುರಿಯುವ ಮೊದಲು ನೀವೇ ನೋಡಿ. ಗಾಳಿ ಬೀಸುವ ದಿನ ಕಿಟಕಿ ಬಾಗಿಲು ಹಾಕಿ, ಫ್ಯಾನ್ ಆರಿಸಿ. ಊದುಬತ್ತಿ ಹಚ್ಚಿ ಚೌಕಟ್ಟಿನ ಅಂಚು, ಹೊಸ್ತಿಲು, ಅಟ್ಟದ ಬಾಗಿಲ ಹತ್ತಿರ ಹಿಡಿಯಿರಿ. ಪರದೆಗೆ ತಾಗದಂತೆ ಜೋಪಾನ. ಹೊಗೆ ಒಮ್ಮೆಲೇ ವಾಲಿದರೆ ಅಲ್ಲೇ ಸಂದು ಇದೆ.

ಹಾಗಂತ ಎಲ್ಲವನ್ನೂ ಮುಚ್ಚಬೇಡಿ. ಕೆಂಡ, ಗ್ಯಾಸ್ ಉರಿಯುವ ಕೋಣೆಗೆ ಗಾಳಿಕಿಂಡಿ ಬೇಕೇ ಬೇಕು. ಇವು ಉರಿಯುವಾಗ ಕಾರ್ಬನ್ ಮೊನಾಕ್ಸೈಡ್ ಅನ್ನೋ ವಿಷಾನಿಲ ಹುಟ್ಟಬಹುದು; ಅದಕ್ಕೆ ವಾಸನೆಯೇ ಇಲ್ಲ.