‘ಏನೂ ಆಗಲ್ಲ’ ಅನ್ನಬೇಡಿ

ಇವತ್ತು ಬೆಳಿಗ್ಗೆ ರಕ್ತದಾನ ಶಿಬಿರದಲ್ಲಿ ನೋಡಿದ್ದನ್ನು ಬರೆಯದೆ ಮಲಗಲು ಆಗುತ್ತಿಲ್ಲ. ಇಪ್ಪತ್ತರ ಆಸುಪಾಸಿನ ಹುಡುಗ. ಮೊದಲ ಸಲ ಬಂದಿದ್ದ. ಸೂಜಿ ತೆಗೆದು ಹತ್ತಿ ಒತ್ತಿದ್ದೇ ತಡ, ಎದ್ದು ನಿಂತ. ಸಿಸ್ಟರ್ ‘ಸ್ವಲ್ಪ ಮಲಗಿರಪ್ಪಾ’ ಅಂದರು. ‘ಕ್ಲಾಸ್ ಇದೆ’ ಅಂದ. ಬಾಗಿಲವರೆಗೆ ಹೋಗಿದ್ದ ಅಷ್ಟೇ. ಮುಖ ಬಿಳುಚಿಕೊಂಡಿತು, ಹಣೆ ಬೆವರಿತು, ಗೋಡೆಗೆ ಆತುಕೊಂಡೇ ಕುಸಿದ. ಪುಣ್ಯಕ್ಕೆ ತಲೆಗೆ ಏಟಾಗಲಿಲ್ಲ. ಕಾಲು ಎತ್ತರಕ್ಕಿಟ್ಟು ಮಲಗಿಸಿದ ಮೇಲೆ ಸುಧಾರಿಸಿಕೊಂಡ.

ನನಗೆ ಸಿಟ್ಟು ಬಂದಿದ್ದು ಹುಡುಗನ ಮೇಲಲ್ಲ. ಪಕ್ಕದಲ್ಲಿ ನಿಂತು ‘ಏನೂ ಆಗಲ್ಲ, ಏಳೋ’ ಅಂದ ದೊಡ್ಡವರ ಮೇಲೆ.

ರಕ್ತ ಕೊಡಿ ಅಂತ ವರ್ಷಗಳಿಂದ ನಿಮ್ಮನ್ನೆಲ್ಲ ಕಾಡುತ್ತಿರುವವಳು ನಾನು. ಅದಕ್ಕೇ ಈ ಮಾತು ನನಗೆ ಇಷ್ಟು ಚುಚ್ಚುತ್ತದೆ.

ದೊಡ್ಡವರ ಮೈಯಲ್ಲಿ ಸುಮಾರು 5 ಲೀಟರ್ ರಕ್ತ ಇರುತ್ತದೆ. ಸಾಮಾನ್ಯವಾಗಿ ತೆಗೆಯುವುದು 350 ಅಥವಾ 450 ಮಿಲಿ. ಅದರ ನೀರಿನ ಭಾಗ ಒಂದೆರಡು ದಿನದಲ್ಲಿ ತುಂಬಿಕೊಳ್ಳುತ್ತದೆ. ಕೆಂಪು ರಕ್ತಕಣಗಳಿಗೆ ವಾರಗಳೇ ಬೇಕು. ಕಬ್ಬಿಣದ ಅಂಶಕ್ಕೆ ತಿಂಗಳುಗಳು. ಆದರೆ ಮೊದಲ ಹದಿನೈದು ನಿಮಿಷದ ಕಥೆಯೇ ಬೇರೆ. ಕೆಲವರಿಗೆ ಆಗ ಹೃದಯದ ಬಡಿತ ನಿಧಾನವಾಗಿ ಬಿಪಿ ಇಳಿದುಬಿಡುತ್ತದೆ. ಮಿದುಳಿಗೆ ಹೋಗುವ ರಕ್ತ ಕಡಿಮೆಯಾಗಿ ತಲೆ ಸುತ್ತುತ್ತದೆ. ಚಿಕ್ಕ ವಯಸ್ಸಿನವರು, ತೂಕ ಕಡಿಮೆ ಇರುವವರು, ಮೊದಲ ಸಲ ಕೊಡುವವರಲ್ಲಿ ಇದು ಜಾಸ್ತಿ. ಹಾಗಿರುವಾಗ ಅವರನ್ನೇ ಎಬ್ಬಿಸಿ ಓಡಿಸುವುದಾ?

ನನ್ನದೂ ಒಂದು ಹೇಳಿಬಿಡುತ್ತೇನೆ, ಇಲ್ಲಿ ಯಾರಿಗೂ ಹೇಳಿರಲಿಲ್ಲ. ಮೊದಲ ಸಲ ಕೊಟ್ಟಾಗ ನಾನೂ ಕೂರದೆ ಹೊರಟಿದ್ದೆ. ಎರಡು ಗಂಟೆ ಆದಮೇಲೆ ಬಾತ್‌ರೂಮಿನಲ್ಲಿ ಬಿದ್ದೆ. ಮನೆಯಲ್ಲಿ ಯಾರೂ ಇರಲಿಲ್ಲ. ಶಿಬಿರ ಬಿಟ್ಟುಹೋದ ಮೇಲೂ ತಲೆ ಸುತ್ತಬಹುದು ಅಂತ ನನಗೆ ಯಾರೂ ಹೇಳಿರಲಿಲ್ಲ. ‘ಏನೂ ಆಗಲ್ಲ’ ಅಂತ ಮಾತ್ರ ಹೇಳಿದ್ದರು.

ಫಾರ್ಮ್ ತುಂಬುವಾಗಲೂ ಇದೇ ಮಾತು. ಜ್ವರ ಬಂದಿತ್ತಾ, ಮಾತ್ರೆ ತಗೊಳ್ತಿದ್ದೀರಾ, ಹಚ್ಚೆ ಹಾಕಿಸಿಕೊಂಡಿದ್ದೀರಾ ಅಂತ ಕೇಳಿದರೆ ಓದದೆಯೇ ಎಲ್ಲಕ್ಕೂ ‘ಇಲ್ಲ’. ‘ಹೇಗೂ ರಕ್ತ ಟೆಸ್ಟ್ ಮಾಡ್ತಾರಲ್ವಾ’ ಅನ್ನುತ್ತಾರೆ. ಮಾಡುತ್ತಾರೆ, ನಿಜ. ಆದರೆ ಎಚ್‌ಐವಿ, ಹೆಪಟೈಟಿಸ್ ಸೋಂಕು ತಗುಲಿದ ಹೊಸದರಲ್ಲಿ ಟೆಸ್ಟಿಗೂ ಸಿಗದೆ ಹೋಗಬಹುದು. ಆ ದಿನಗಳಲ್ಲಿ ನಿಮ್ಮ ರಕ್ತ ಪಡೆಯುವ ರೋಗಿಯನ್ನು ಕಾಪಾಡುವುದು ನಿಮ್ಮ ನಿಜವಾದ ಉತ್ತರ ಮಾತ್ರ.

ಯಾರು ಕೊಡಬಹುದು ಅನ್ನುವ ನಿಯಮ ದೇಶದಿಂದ ದೇಶಕ್ಕೆ ಸ್ವಲ್ಪ ಬೇರೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ವಯಸ್ಸು 18ರಿಂದ 65, ತೂಕ ಕನಿಷ್ಠ 50 ಕಿಲೋ. ಹಿಮೋಗ್ಲೋಬಿನ್ 100 ಮಿಲಿ ರಕ್ತದಲ್ಲಿ ಹೆಂಗಸರಿಗೆ ಕನಿಷ್ಠ 12, ಗಂಡಸರಿಗೆ 13 ಗ್ರಾಂ ಇರಬೇಕು ಅನ್ನುವುದು ಹಲವು ದೇಶಗಳ ಲೆಕ್ಕ. ಕಡಿಮೆ ಬಂತು ಅಂತ ವಾಪಸ್ ಕಳಿಸಿದರೆ ದಯವಿಟ್ಟು ಅವಮಾನ ಅಂದುಕೊಳ್ಳಬೇಡಿ. ಅವರು ಕಾಪಾಡುತ್ತಿರುವುದು ನಿಮ್ಮನ್ನು. ವೈದ್ಯರಿಗೆ ತೋರಿಸಿ, ಸರಿಮಾಡಿಕೊಂಡು ಬನ್ನಿ.

‘ಇಷ್ಟೆಲ್ಲ ಹೇಳಿದರೆ ಜನ ಹೆದರಿ ಬರೋದೇ ಇಲ್ಲ’ ಅಂತ ಸಂಜೆ ಒಬ್ಬ ಗೆಳತಿ ಹೇಳಿದಳು. ನಾನು ಒಪ್ಪಲಿಲ್ಲ. ವಿಷಯ ತಿಳಿದವರು ಹೆದರುವುದಿಲ್ಲ. ಹೇಳದೆ ಕೇಳದೆ ಬಿದ್ದವರು ಮಾತ್ರ ಮತ್ತೆ ಆ ಕಡೆ ತಲೆ ಹಾಕುವುದಿಲ್ಲ. ಬಹುಪಾಲು ಜನರಿಗೆ ಏನೂ ತೊಂದರೆ ಆಗುವುದಿಲ್ಲ, ನಿಜ. ಆಗುವವರು ಯಾರು ಅಂತ ಮೊದಲೇ ಗೊತ್ತಾಗುವುದಿಲ್ಲವಲ್ಲ!

ರಕ್ತ ಕೊಟ್ಟ ದಿನ ಜಿಮ್ ಬೇಡ. ಸೂಜಿ ಚುಚ್ಚಿದ ಕೈಯಲ್ಲಿ ಭಾರ ಎತ್ತುವುದು ಬೇಡ. ಏಣಿ ಹತ್ತುವ ಕೆಲಸ ಬೇಡ. ನೀರು ಜಾಸ್ತಿ ಕುಡಿಯಿರಿ. ತಲೆ ಹಗುರಾದ ಹಾಗೆ ಅನಿಸಿದರೆ ನಾಚಿಕೆ ಪಡದೆ ಅಲ್ಲೇ ನೆಲದ ಮೇಲೆ ಮಲಗಿಬಿಡಿ.

ಆ ಹುಡುಗ ಎದ್ದು ಕೂತ ಮೇಲೆ ಕೇಳಿದ, ‘ಅಕ್ಕಾ, ನಾನಿನ್ನು ರಕ್ತ ಕೊಡೋ ಹಾಗಿಲ್ವಾ?’ ನನಗೆ ಕಣ್ಣು ತುಂಬಿ ಬಂತು. ಮುಂದಿನ ಸಲ ಹೀಗಾಗಿತ್ತು ಅಂತ ಅಲ್ಲಿನ ಡಾಕ್ಟರಿಗೆ ಮೊದಲೇ ಹೇಳು, ಕೊಡುವ ಮುಂಚೆ ಅರ್ಧ ಲೀಟರ್ ನೀರು ಕುಡಿ, ಆದಮೇಲೆ ಬೇಗ ಏಳಬೇಡ ಅಂದೆ. ತಲೆಯಾಡಿಸಿದ. ಆಮೇಲೆ ಇನ್ನೂ ಅರ್ಧ ಗಂಟೆ ನನ್ನ ಪಕ್ಕದಲ್ಲೇ ಕೂತಿದ್ದ. ಕ್ಲಾಸಿನ ಮಾತು ಎತ್ತಲಿಲ್ಲ.